ರಘು ನೋಡದ ನೋಟ

ನಿಮ್ಮ ಮನೆಯ ಗೋಡೆಯ ಮೇಲಿರುವ ಆ ಚಿತ್ರ ರಘು ತೆಗೆದದ್ದಲ್ಲ, ವಸಂತಾ ಅವರೇ. ನಾನು ತೆಗೆದದ್ದು. ಅದನ್ನು ತೆಗೆಯುವ ಹೊತ್ತಿಗೆ ನಿಮ್ಮ ಗಂಡ ಆ ಬೆಟ್ಟದ ತುದಿಯಲ್ಲಿ ಇರಲೇ ಇಲ್ಲ. ಅರ್ಧ ದಾರಿಯ ಒಂದು ಬೆಂಚಿನ ಮೇಲೆ ಒಬ್ಬನೇ ಕೂತಿದ್ದ — ಕೂತಿದ್ದನೋ, ಅಷ್ಟರೊಳಗೆ ಒರಗಿಬಿಟ್ಟಿದ್ದನೋ, ನನಗೆ ಗೊತ್ತಿಲ್ಲ. ಗೊತ್ತಿರಬೇಕಾಗಿದ್ದವನು ನಾನೊಬ್ಬನೇ.

ಇಷ್ಟು ಹೇಳುವುದಕ್ಕೆ ಹತ್ತು ವರ್ಷದ ಮೇಲಾಯಿತು. ಹೂಸ್ಟನ್‌ನಿಂದ ಆಸ್ಟಿನ್‌ಗೆ ಡ್ರೈವ್ ಮಾಡಿಕೊಂಡು ಬರುವಾಗಲೆಲ್ಲ ಈ ಮಾತುಗಳನ್ನು ಬಾಯಿಪಾಠ ಮಾಡಿಕೊಂಡೇ ಬಂದಿದ್ದೇನೆ. ನೀವು ಬಾಗಿಲು ತೆಗೆದು "ಬನ್ನಿ ಡಾಕ್ಟ್ರೇ, ಕಾಫಿಗೆ ಇಟ್ಟಿದೀನಿ" ಅಂದ ಕೂಡಲೇ ಅವೆಲ್ಲ ಎಲ್ಲಿ ಹೋಗುತ್ತಿದ್ದವೋ. ಕಾಫಿ ಕುಡಿದು, ಆ ಚಿತ್ರದ ಕೆಳಗೆ ಕೂತು, ಊಟ ಮಾಡಿ, ಕತ್ತಲಾಗುವ ಮೊದಲೇ ಹೊರಡುತ್ತಿದ್ದೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ. ಬೈದುಕೊಳ್ಳುವುದು ಸುಲಭ, ಯಾರಿಗೂ ಕೇಳಿಸುವುದಿಲ್ಲ.

ನಾನೂ ರಘುವೂ ಮೈಸೂರಿನಲ್ಲಿ ಒಟ್ಟಿಗೆ ಡಾಕ್ಟರಿಕೆ ಓದಿದವರು, ಒಟ್ಟಿಗೇ ಇಂಗ್ಲೆಂಡಿಗೆ ಹೋದವರು — ಇದು ನಿಮಗೆ ಗೊತ್ತು. ಗ್ಲಾಸ್ಟರ್‌ಶೈರ್‌ನ ಒಂದು ಸಣ್ಣ ಊರಿನ ಆಸ್ಪತ್ರೆ, ಅದರ ಕ್ವಾರ್ಟರ್ಸಿನಲ್ಲಿ ಎದುರುಬದುರು ಕೋಣೆ. ಡ್ಯೂಟಿ ಇಲ್ಲದ ಭಾನುವಾರ ಬಂತೆಂದರೆ ಎಲ್ಲಿಗೆ ಹೋಗುವುದು? ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತಿದ್ದವು. ಯಾರೂ ಮನೆಗೆ ಕರೆಯುವವರಲ್ಲ. ಆಗ ನನಗೆ ಆ ಕಡೆಯ ಬೆಟ್ಟಗಳ ಹುಚ್ಚು ಹತ್ತಿತು. ಬೆಟ್ಟ ಎಂದರೆ ಬಂಡೆ, ಕಾಡು, ಮೆಟ್ಟಿಲು ಏನೂ ಇಲ್ಲ — ಹುಲ್ಲು ಹೊದ್ದುಕೊಂಡ ಮೆದು ದಿಬ್ಬಗಳು. ಕುರಿ ಮೇಯುವ ಹೊಲಗಳ ನಡುವೆ ಕಾಲುದಾರಿ. ಜಮೀನು ಯಾರದೇ ಆಗಿರಲಿ, ಆ ದಾರಿಯಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಇತ್ತು. ಬೇಲಿ ಅಡ್ಡ ಬಂದರೆ ಹತ್ತಿ ಇಳಿಯಲು ಎರಡು ಮರದ ಮೆಟ್ಟಿಲು. ಅಲ್ಲಲ್ಲಿ ಯಾರದೋ ನೆನಪಿಗೆಂದು ಯಾರೋ ಹಾಕಿಸಿದ ಬೆಂಚು. ತುದಿಯಲ್ಲಿ ಒಂದು ಕಲ್ಲಿನ ಕಂಬ, ಅದರ ಮೇಲೆ ಯಾವ ದಿಕ್ಕಿಗೆ ಏನು ಕಾಣುತ್ತದೆ ಎಂದು ಬಾಣ ಕೆತ್ತಿದ ಹಿತ್ತಾಳೆಯ ತಟ್ಟೆ. ಬಾಡಿಗೆ ಮನೆ ಕೇಳಲು ಹೋದರೆ ನನ್ನ ಮುಖ ನೋಡಿ ಬಾಗಿಲು ಮುಚ್ಚಿದವರಿದ್ದರು. ಆ ಕಾಲುದಾರಿಗಳು ಮಾತ್ರ ಯಾವತ್ತೂ ನನ್ನನ್ನು ಬೇಡ ಅನ್ನಲಿಲ್ಲ.

ರಘುವಿಗೆ ಆ ಹುಚ್ಚು ಇರಲಿಲ್ಲ. ನನ್ನ ಜೊತೆಗೆಂದು ಬರುತ್ತಿದ್ದ, ತಮಾಷೆ ಮಾಡಿಕೊಂಡು ಬರುತ್ತಿದ್ದ. "ಲೋ ಶ್ರೀಪತಿ, ಇದನ್ನ ಬೆಟ್ಟ ಅಂತಾರೇನೋ? ನಮ್ಮ ಚಾಮುಂಡಿ ಬೆಟ್ಟ ಇದನ್ನ ಮೊಮ್ಮಗು ಅಂತ ಎತ್ಕೊಂಡು ಕೂತ್ಕೋತಿತ್ತು" ಅನ್ನುತ್ತಿದ್ದ. ಅವನಿಗೂ ಆಸೆ ಇದ್ದದ್ದು ಒಂದೇ ಒಂದು ಬೆಟ್ಟದ ಮೇಲೆ. ಅದರ ತುದಿಯಿಂದ ನೋಡಿದರೆ ಕೆಳಗೆ ಸೆವರ್ನ್ ನದಿ, ನದಿಯ ಆಚೆಗೆ ವೇಲ್ಸ್‌ನ ಬೆಟ್ಟಗಳು — ಒಂದು ದೇಶದಲ್ಲಿ ನಿಂತು ಇನ್ನೊಂದು ದೇಶ ಕಾಣುತ್ತದಂತೆ ಎಂದು ನಿಮಗೂ ಬರೆದಿದ್ದನಲ್ಲ. ಹೋದಾಗಲೆಲ್ಲ ಬೆಟ್ಟದ ಬುಡದಲ್ಲೇ ಮಂಜು, ಮಳೆ. ನೀವು ಹೊರಟು ಬರಲು ಇನ್ನು ಎರಡು ತಿಂಗಳಿತ್ತು. ನೀವು ಬರುವಷ್ಟರಲ್ಲಿ ಒಂದು ಸಲ ನೋಡಿಟ್ಟುಕೊಳ್ಳಬೇಕು, ಆಮೇಲೆ ಹಳಬನ ಹಾಗೆ ನಿಮಗೆ ತೋರಿಸಬೇಕು — ಇದು ಅವನ ಲೆಕ್ಕಾಚಾರ.

ಅಕ್ಟೋಬರಿನ ಆ ಭಾನುವಾರ ಆಕಾಶ ತೆರೆದುಕೊಂಡಿತು. ಹಿಂದಿನ ದಿನವೆಲ್ಲ ಡ್ಯೂಟಿ ಮಾಡಿ ಬಂದಿದ್ದ ರಘು ಹಾಸಿಗೆಯಿಂದ ಏಳಲೊಲ್ಲ. ನಾನು ಬಿಡಲಿಲ್ಲ. ಹೊಸದಾಗಿ ಕ್ಯಾಮೆರಾ ಕೊಂಡಿದ್ದೆ. "ಏಳೋ, ಇಂಥ ಬಿಸಿಲು ಇನ್ನು ಬೇಸಿಗೆ ತನಕ ಬರಲ್ಲ" ಎಂದು ಹೊದಿಕೆ ಎಳೆದು ಎಬ್ಬಿಸಿದೆ. ಅವನನ್ನು ಎಬ್ಬಿಸಿದವನು ನಾನು. ಇದನ್ನೂ ನಿಮಗೆ ಹೇಳಿರಲಿಲ್ಲ.

ನೀವು ಪಾರ್ಸೆಲ್ಲಿನಲ್ಲಿ ಕಳಿಸಿದ್ದ ಗೊಜ್ಜಿನಲ್ಲಿ ಪುಳಿಯೋಗರೆ ಕಲೆಸಿಕೊಂಡು ಬಿಸ್ಕತ್ತಿನ ಡಬ್ಬಿಯಲ್ಲಿ ಒಯ್ದಿದ್ದೆವು. ಬಸ್ಸಿಳಿದು, ಇಗರ್ಜಿಯ ಗೋಡೆಯ ಪಕ್ಕ ಕೂತು ಅದನ್ನು ತಿಂದೆವು. ಬೆಟ್ಟ ಹತ್ತತೊಡಗಿದೆವು. ಅರ್ಧ ದಾರಿಯಲ್ಲಿ ರಘು ನಿಂತ. "ಎದೆ ಉರೀತಿದೆ ಕಣೋ" ಅಂದ. ನಾನು ತಿರುಗಿಯೂ ಸರಿಯಾಗಿ ನೋಡದೆ, "ಹೆಂಡತಿ ಗೊಜ್ಜು ಅಂತ ಅಷ್ಟೊಂದು ಹಾಕ್ಕೊಂಡ್ರೆ ಇನ್ನೇನಾಗುತ್ತೆ? ಗ್ಯಾಸು" ಎಂದು ಜೇಬಿನಿಂದ ಎದೆಯುರಿಗೆ ತಿನ್ನುವ ಬಿಳಿ ಮಾತ್ರೆ ತೆಗೆದು ಕೊಟ್ಟೆ. ನಿಮ್ಮ ಗೊಜ್ಜಿನ ಮೇಲೆ ಹೊರಿಸಿದೆ, ವಸಂತಾ ಅವರೇ. ಅನ್ನ ಸಾರು ತಿಂದು ಬೆಳೆದ ನಮ್ಮಂಥವರಿಗೆ ಹೃದಯದ ಕಾಯಿಲೆ ಎಲ್ಲಿಂದ ಬರಬೇಕು, ಅದು ಮಾಂಸ ತಿಂದು ಬಿಯರ್ ಕುಡಿಯುವ ದೊರೆಗಳ ಕಾಯಿಲೆ — ಇಂಥದೊಂದು ಜಂಬ ಆಗ ನಮ್ಮಿಬ್ಬರಿಗೂ ಇತ್ತು. ಎದೆ ಉರಿ ಅಂದರೆ ನಮ್ಮವರಿಗೆ ಹುಳಿಯೇ, ಖಾರವೇ. ಇಬ್ಬರು ಡಾಕ್ಟರುಗಳು ಒಂದು ಡಬ್ಬಿ ಪುಳಿಯೋಗರೆಯನ್ನು ನಂಬಿಕೊಂಡು ಬೆಟ್ಟ ಹತ್ತುತ್ತಿದ್ದೆವು.

ಇಲ್ಲಿಗೆ ನಿಲ್ಲಿಸಿದರೆ ಇದು ಬರೀ ತಪ್ಪು ತಿಳಿವಳಿಕೆ ಅನ್ನಿಸೀತು. ಇನ್ನೂ ಇದೆ.

ಅಲ್ಲೊಂದು ಬೆಂಚಿತ್ತು. ರಘು ಅದರ ಮೇಲೆ ಕೂತ. ಆಗ ಅವನ ಮುಖ ನೋಡಿದೆ. ಕೋಟಿನ ಗುಂಡಿ ಹಾಕಿಕೊಂಡು ನಡೆಯುವಂಥ ಗಾಳಿ, ಅವನ ಹಣೆಯ ಮೇಲೆ ಬೆವರು ನಿಂತಿತ್ತು. ತುಟಿಯ ಬಣ್ಣ ಇಳಿದಿತ್ತು. ಅದೇ ಮುಖ ವಾರ್ಡಿನ ಮಂಚದ ಮೇಲೆ ಕಂಡಿದ್ದರೆ ಓಡಿಹೋಗುತ್ತಿದ್ದೆ, ಕೂಗಿ ನಾಲ್ಕು ಜನರನ್ನು ಸೇರಿಸುತ್ತಿದ್ದೆ. ನಾನು ನೋಡಲಿಲ್ಲ ಎಂದು ವರ್ಷಗಟ್ಟಲೆ ನನಗೇ ಹೇಳಿಕೊಂಡಿದ್ದೇನೆ. ನೋಡಿದೆ. ಆದರೆ ತುದಿಯಲ್ಲಿ ಬಿಸಿಲು ಬಿದ್ದಿತ್ತು, ಪಶ್ಚಿಮದಿಂದ ಮೋಡ ಏಳುತ್ತಿತ್ತು, ಮತ್ತೆ ಕೆಳಗಿಳಿದರೆ ಈ ಸಲವೂ ಹೋಯಿತು — ನಾನು ನೋಡಿದ್ದನ್ನು ನೋಡದ ಹಾಗೆ ಮಾಡಿಕೊಂಡೆ.

ರಘು ಅಂದ: "ನೀನು ಹೋಗಿ ನೋಡ್ಕೊಂಡು ಬಾರೋ. ಬಂದು ನಂಗೆ ಹೇಳು, ಹೆಂಗಿತ್ತು ಅಂತ."

ಹೋದೆ. ಒಂದು ಸಲವೂ ಹಿಂದಕ್ಕೆ ತಿರುಗಲಿಲ್ಲ.

ತುದಿಗೆ ಹೋದರೆ ನದಿಯ ಮೇಲೆ ಮೋಡ ಕೂತಿತ್ತು. ಅದು ಸರಿಯಲಿ ಎಂದು ಕಾದೆ. ಹಿತ್ತಾಳೆಯ ತಟ್ಟೆಯ ಮೇಲೆ ಬಾಣಗಳನ್ನು ಓದುತ್ತ, ಕ್ಯಾಮೆರಾ ಹಾಗೆ ಹಿಡಿದು ಹೀಗೆ ಹಿಡಿದು, ಬಾಯಿಗೊಂದು ಪೆಪ್ಪರಮೆಂಟು ಹಾಕಿಕೊಂಡು ಕಾದೆ. ಹೇಳಲು ಎಲ್ಲಕ್ಕಿಂತ ಕಷ್ಟವಾದದ್ದು ಇದು: ಆ ಹೊತ್ತು ನಾನು ಸಂತೋಷವಾಗಿದ್ದೆ. ತಮಾಷೆ ಮಾಡುವವನು ಪಕ್ಕದಲ್ಲಿಲ್ಲ, ಬೆಟ್ಟವೆಲ್ಲ ನನ್ನೊಬ್ಬನದೇ ಎಂದು ಒಳಗೊಳಗೇ ಹಿತವಾಗಿತ್ತು. ಕೊನೆಗೆ ಮೋಡ ಸರಿಯಿತು. ಬೇಲಿ ಬೇಲಿಯ ಹಸಿರು ಹೊಲಗಳು, ಒಂದು ಇಗರ್ಜಿಯ ಚೂಪು ಗೋಪುರ, ಹೊಳೆಯುವ ನದಿ, ಅದರಾಚೆಗೆ ನೀಲಿಯಾಗಿ ವೇಲ್ಸ್. ಕ್ಲಿಕ್ ಮಾಡಿದೆ. ನಿಮ್ಮ ಗೋಡೆಯ ಮೇಲಿರುವುದು ಅದು.

ಇಳಿದು ಬರುವಾಗ ದೂರದಿಂದಲೇ ಬೆಂಚು ಕಂಡಿತು. ರಘು ಒಂದು ಬದಿಗೆ ವಾಲಿದ್ದ. ನಿದ್ದೆ ಹೋಗಿದ್ದಾನೆ ಎಂದುಕೊಂಡು ಅಲ್ಲಿಂದಲೇ ಶುರುಮಾಡಿದೆ — "ಲೋ, ಕಾಣಿಸ್ತು ಕಣೋ ವೇಲ್ಸ್, ಏನಂತ ಹೇಳ್ಲಿ —" ಹತ್ತಿರ ಹೋಗುವ ತನಕ ಹೇಳುತ್ತಲೇ ಇದ್ದೆ. ಅವನ ತುಟಿಯ ಮೂಲೆಯಲ್ಲಿ ನಾನು ಕೊಟ್ಟ ಮಾತ್ರೆಯ ಬಿಳಿ ಪುಡಿ ಇತ್ತು. ಎದೆ ಒತ್ತಿದೆ, ಬಾಯಿಗೆ ಬಾಯಿಟ್ಟು ಉಸಿರು ಊದಿದೆ, ಡಾಕ್ಟರು ಮಾಡುವುದನ್ನೆಲ್ಲ ಆಮೇಲೆ ಮಾಡಿದೆ.

ಅಲ್ಲಿಯ ಪೊಲೀಸರಿಗೆ, ಆಸ್ಪತ್ರೆಯವರಿಗೆ ಇದ್ದದ್ದನ್ನೇ ಹೇಳಿದೆ. ಅವರು ಯಾವ ಜಾಗ, ಯಾವ ಹೊತ್ತು ಎಂದಷ್ಟೇ ಕೇಳಿದರು. ಅಸ್ಥಿ ತೆಗೆದುಕೊಂಡು ಮೈಸೂರಿಗೆ ಬಂದಾಗ ನೀವು ಕೇಳಿದ್ದು ಬೇರೆ. ನಡುಮನೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಿರಿ. ತಲೆ ಎತ್ತಿ, "ಮೇಲಿನ ತನಕ ಹೋದ್ರಾ ಅವರು?" ಅಂದಿರಿ.

"ಹೂಂ" ಅಂದೆ.

"ನೋಡಿದ್ರಾ?"

"ನೋಡಿದ. ಇಳಿಯೋಕೆ ಶುರು ಮಾಡಿದಾಗ, ತುದಿ ಹತ್ರಾನೇ..."

"ಅಷ್ಟಾದ್ರೂ ಆಯ್ತಲ್ಲ" ಅಂದಿರಿ.

ಇದನ್ನು ಯಾರಾದರೂ ಕೇಳಿದರೆ, ಪಾಪ, ಹೆಂಗಸಿನ ಮನಸ್ಸಿಗೆ ಸಮಾಧಾನವಾಗಲಿ ಎಂದು ಹೇಳಿದ ಸುಳ್ಳು ಎಂದಾರು. ನಾನೂ ಹಾಗೇ ಅಂದುಕೊಳ್ಳಲು ನೋಡಿದ್ದೇನೆ. ಆದರೆ "ಇಲ್ಲ, ಹೋಗಲಿಲ್ಲ" ಎಂದಿದ್ದರೆ ನಿಮ್ಮ ಮುಂದಿನ ಪ್ರಶ್ನೆ ಏನಿರುತ್ತಿತ್ತು ಎಂದು ನನಗೆ ಗೊತ್ತಿತ್ತು. "ಆಗ ನೀವೆಲ್ಲಿದ್ರಿ?" ಆ ಪ್ರಶ್ನೆಗೆ ಹೆದರಿ "ಹೂಂ" ಅಂದೆ. ನಿಮ್ಮ ಸಮಾಧಾನದ ಯೋಚನೆ ಆಗ ನನ್ನ ತಲೆಯಲ್ಲೇ ಇರಲಿಲ್ಲ.

ಆಮೇಲೆ ನಾನು ಇಂಗ್ಲೆಂಡಿನಲ್ಲಿ ಉಳಿಯಲಾರದೆ ಹೂಸ್ಟನ್‌ಗೆ ಬಂದೆ. ಬೆಟ್ಟವಿಲ್ಲದ ಊರು ಬೇಕಾಗಿತ್ತು, ಸಿಕ್ಕಿತು. ಇಲ್ಲಿ ಭಾನುವಾರ ನಡೆಯುವವರು ಯಾರೂ ಇಲ್ಲ, ನಡೆಯಲು ದಾರಿಯೂ ಇಲ್ಲ. ಅಪಾರ್ಟ್‌ಮೆಂಟಿನ ಏರ್ ಕಂಡೀಷನರ್ ಸದ್ದು ಕೇಳಿಕೊಂಡು ಕೂತು ಬೇಜಾರಾದರೆ ಆಸ್ಪತ್ರೆಯ ಪಾರ್ಕಿಂಗ್ ಗರಾಜಿನ ಮೇಲಿನ ಅಂತಸ್ತಿಗೆ ಮೆಟ್ಟಿಲು ಹತ್ತಿ ಹೋಗುತ್ತಿದ್ದೆ. ನನ್ನ ಮಟ್ಟಿಗೆ ಹೂಸ್ಟನ್‌ನಲ್ಲಿ ಎತ್ತರವೆಂದರೆ ಅದೇ. ಫ್ರೀವೇ, ಕಾರುಗಳು, ಆಕಾಶ ಮುಟ್ಟುವ ತನಕ ಚಪ್ಪಟೆ ನೆಲ. ಯಾವ ದಿಕ್ಕಿಗೆ ಏನಿದೆ ಎಂದು ಹೇಳುವ ತಟ್ಟೆ ಅಲ್ಲಿ ಬೇಕಾಗಿರಲಿಲ್ಲ, ಎಲ್ಲ ದಿಕ್ಕಿಗೂ ಒಂದೇ ಇತ್ತು. ಮದುವೆಯ ಮಾತು ಬಂದಾಗಲೆಲ್ಲ ಮುಂದಕ್ಕೆ ಹಾಕಿದೆ. ಒಂದೇ ಮನೆಯಲ್ಲಿ ಒಬ್ಬರ ಎದುರು ದಿನಾ ಈ ಮುಖ ಇಟ್ಟುಕೊಂಡಿರುವುದು ಹೇಗೆ?

ನೀವು ಮತ್ತೆ ಓದಿ, ಡಲ್ಲಾಸ್‌ನಲ್ಲಿದ್ದ ನಿಮ್ಮಣ್ಣ ನಾಗರಾಜರ ಬೆಂಬಲದಿಂದ ಆಸ್ಟಿನ್‌ನ ಯೂನಿವರ್ಸಿಟಿಗೆ ಬಂದದ್ದು ಎಪ್ಪತ್ತನೇ ಇಸವಿ ದಾಟಿದ ಮೇಲೆ. ಆ ಸುದ್ದಿ ಕೇಳಿದ ದಿನವೇ ನಾನು ಬೇರೆ ಊರು ನೋಡಿಕೊಳ್ಳಬೇಕಿತ್ತು. ಬದಲಿಗೆ ದೀಪಾವಳಿಗೆ ನಾಗರಾಜರು ಕರೆದಾಗ ಅಂಗಿ ಇಸ್ತ್ರಿ ಮಾಡಿಸಿಕೊಂಡು ಹೊರಟೆ.

ಆಗ ನಮ್ಮವರಲ್ಲಿ ಒಂದು ಪದ್ಧತಿ ಇತ್ತಲ್ಲ — ನಾಲ್ಕು ಮನೆಯವರು ಸೇರಿದರೆ ಊಟವಾದ ಮೇಲೆ ದೀಪ ಆರಿಸಿ, ಗೋಡೆಗೆ ಬಿಳಿ ಬೆಡ್‌ಶೀಟು ಕಟ್ಟಿ, ಪ್ರೊಜೆಕ್ಟರಿನಲ್ಲಿ ಒಬ್ಬೊಬ್ಬರ ಸ್ಲೈಡುಗಳನ್ನು ನೋಡುವುದು. ನಯಾಗರಾ ಮುಂದೆ ಸೀರೆಯ ಮೇಲೆ ಕೋಟು ಹಾಕಿ ನಿಂತ ಹೆಂಡತಿ, ಹೊಸ ಕಾರಿಗೆ ಒರಗಿ ನಿಂತ ಗಂಡ. ಬ್ರಹ್ಮಚಾರಿಯಾದ ನನ್ನ ಸರದಿ ಬಂದಾಗ ಬರೀ ಬೆಟ್ಟಗಳು. ಮಕ್ಕಳು "ನೆಕ್ಸ್ಟ್, ಅಂಕಲ್, ನೆಕ್ಸ್ಟ್" ಅನ್ನುತ್ತಿದ್ದವು. ವೇಲ್ಸ್ ಕಾಣುವ ಆ ಸ್ಲೈಡನ್ನು ಯಾಕೆ ಒಯ್ದೆ? ನೀವಿರುತ್ತೀರಿ ಎಂದು ಗೊತ್ತಿದ್ದೂ ಯಾಕೆ — ಸಿಕ್ಕಿಬೀಳಬೇಕು ಎಂದಿತ್ತೋ, ನೀವು ನನ್ನ ಕಡೆ ನೋಡಬೇಕು ಎಂದಿತ್ತೋ. ಅದು ಬೆಡ್‌ಶೀಟಿನ ಮೇಲೆ ಬಿದ್ದಾಗ ಕತ್ತಲಲ್ಲಿ ನಿಮ್ಮ ದನಿ ಕೇಳಿತು.

"ಇದೇನಾ ಅದು?"

"ಹೂಂ."

"ಯಾರು ತೆಗೆದಿದ್ದು?"

ಪ್ರೊಜೆಕ್ಟರಿನ ಫ್ಯಾನು ಗುಂಯ್ ಅನ್ನುತ್ತಿತ್ತು. ನಾನು ತೆಗೆದೆ ಎಂದರೆ, ಅವರೆಲ್ಲಿ, ಚಿತ್ರದಲ್ಲಿ ಯಾಕಿಲ್ಲ ಎಂದು ಕೇಳುತ್ತೀರಿ. "ರಘುನೇ" ಅಂದೆ. ನಾಗರಾಜರು ಎದ್ದು ದೀಪ ಹಾಕಿದರು. ನೀವು ಆ ಸ್ಲೈಡು ಕೇಳಿ ತೆಗೆದುಕೊಂಡಿರಿ. ಆಮೇಲೆ ನಾನು ಆಸ್ಟಿನ್‌ಗೆ ಬಂದಾಗ ಅದು ದೊಡ್ಡ ಚಿತ್ರವಾಗಿ ಗೋಡೆಯ ಮೇಲಿತ್ತು. ಅದರ ಕೆಳಗೆ ನಾನು ಕೂರುವ ಕುರ್ಚಿ.

ಅಲ್ಲಿಂದ ಮುಂದಕ್ಕೆ ತಿಂಗಳಿಗೊಮ್ಮೆಯಾದರೂ ಬಂದೆ. ನಿಮ್ಮ ಆಸ್ಟಿನ್‌ನಲ್ಲಿ ನದಿಯ ದಡದ ಮೇಲಿರುವ ಆ ಗುಡ್ಡದ ಮೆಟ್ಟಿಲು ಹತ್ತಿ ಮೇಲೆ ಕೂತಾಗ, "ಇನ್ನೊಂದ್ಸಲ ಹೇಳಿ ಡಾಕ್ಟ್ರೇ, ಅದು ಹೆಂಗಿತ್ತು" ಅನ್ನುತ್ತಿದ್ದಿರಿ. ಹೇಳಿದೆ. ಹೇಳುತ್ತ ಹೇಳುತ್ತ ಧೈರ್ಯ ಬಂತು. ನನ್ನ ಕತೆಯಲ್ಲಿ ಮೊದಮೊದಲು ಸುಮ್ಮನೆ ನಿಂತಿರುತ್ತಿದ್ದ ರಘು ಆಮೇಲೆ ಮಾತಾಡತೊಡಗಿದ. "ವಸಂತಾನ ಇಲ್ಲೇ ನಿಲ್ಲಿಸ್ಕೊಂಡು ತೋರಿಸ್ಬೇಕು ಕಣೋ" ಅಂದನೆಂದು ಹೇಳಿದೆ. ನೀವು ಮುಖ ಆ ಕಡೆ ತಿರುಗಿಸಿಕೊಂಡಿರಿ. ಅವನು ಅಂಥದ್ದೇನೂ ಹೇಳಿರಲಿಲ್ಲ. ನಿಮಗೆ ಪುಳಿಯೋಗರೆ ಮಾಡುವ ಸಡಗರ. ನಾನು ಮಾತ್ರ ಯಾವತ್ತೂ ಮುಟ್ಟಲಿಲ್ಲ. "ನಂಗೆ ಹುಳಿ ಆಗಲ್ಲ" ಅಂದೆ. ಡಾಕ್ಟರಿಗೇ ಹೊಟ್ಟೆ ಸರಿಯಿಲ್ಲ ಎಂದು ನೀವು ನಗುತ್ತಿದ್ದಿರಿ.

ಇದೂ ಹೊರಗೆ ಬರಲಿ. ಟೆಕ್ಸಸ್ಸಿನಲ್ಲಿ ನಾನು ಬಾಗಿಲು ತಟ್ಟಬಹುದಾದ ಮನೆ ಅದೊಂದೇ ಆಗಿತ್ತು. ರಘು ಕೊನೆಗೆ ನೋಡಿದ್ದನ್ನು ಅವನ ಪಕ್ಕ ನಿಂತು ನೋಡಿದವನು — ನಿಮ್ಮ ಮನೆಯಲ್ಲಿ ನನಗಿದ್ದ ಜಾಗ ಅಷ್ಟೇ. ನಿಜ ಹೇಳಿದರೆ ಕುರ್ಚಿ ಹೋಗುತ್ತದೆ, ಕಾಫಿ ಹೋಗುತ್ತದೆ, ಕನ್ನಡದಲ್ಲಿ "ಬನ್ನಿ" ಅನ್ನುವ ದನಿ ಹೋಗುತ್ತದೆ. ಪಾರ್ಕಿಂಗ್ ಗರಾಜು ಒಂದೇ ಉಳಿಯುತ್ತದೆ. ಅದಕ್ಕೇ ನಿಮ್ಮ ಗಂಡನ ಸಾವನ್ನು ನನ್ನ ಭಾನುವಾರಗಳಿಗೆ ಬಳಸಿಕೊಂಡೆ.

ಹೋದ ವರ್ಷ ನೀವು ಇಂಗ್ಲೆಂಡಿಗೆ ಹೊರಟಿರಿ. ಅವರು ನಿಂತ ಜಾಗದಲ್ಲಿ ಒಂದು ಸಲ ನಿಂತು ಬರ್ತೀನಿ, ನೀವೂ ಬನ್ನಿ, ಅಂದಿರಿ. ರಜೆ ಸಿಗುವುದಿಲ್ಲ ಎಂದೆ, ಕೇಳಿದ್ದರೆ ಸಿಗುತ್ತಿತ್ತು. ದಾರಿ ಕೇಳಿದಿರಿ. ಬಸ್ಸು ನಿಲ್ಲುವ ಕಡೆ ಹೇಳಿದೆ, ಇಗರ್ಜಿ ಹೇಳಿದೆ, ಬೇಲಿಯ ಮೆಟ್ಟಿಲು ಹೇಳಿದೆ, ತುದಿಯ ಕಂಬ, ಹಿತ್ತಾಳೆಯ ತಟ್ಟೆ, ಎಲ್ಲ ಹೇಳಿದೆ. ಬೆಂಚೊಂದನ್ನು ಬಿಟ್ಟೆ.

ಬಂದ ಮೇಲೆ ಫೋನ್ ಮಾಡಿದಿರಿ.

"ಅರ್ಧ ದಾರೀಲಿ ಸುಸ್ತಾಗೋಯ್ತು ಡಾಕ್ಟ್ರೇ. ಒಂದು ಬೆಂಚಿತ್ತು, ಅಲ್ಲೇ ಕೂತ್ಕೊಂಡೆ. ಯಾಕೋ ಅಲ್ಲಿಂದ ಏಳೋಕೆ ಮನಸ್ಸೇ ಬರ್ಲಿಲ್ಲ. ಆದ್ರೆ ಅವರು ನಿಂತಿದ್ದ ಜಾಗ ನೋಡ್ಬೇಕಿತ್ತಲ್ಲ, ಎದ್ದು ಹೋದೆ. ಪುಳಿಯೋಗರೆ ಒಯ್ದಿದ್ದೆ, ಆ ಕಂಬದ ಹತ್ರ ಅವರಿಗೆ ಅಂತ ಇಟ್ಟು ಬಂದೆ."

"ಒಳ್ಳೇದಾಯ್ತು" ಅಂದೆ. ನೀವು ರಘುವಿನ ಪಕ್ಕ ಕೂತಿದ್ದಿರಿ. ನನ್ನ ಮಾತು ನಂಬಿ ಅಲ್ಲಿಂದ ಎದ್ದು ಹೋಗಿ, ನಾನು ಪೆಪ್ಪರಮೆಂಟು ಚಪ್ಪರಿಸಿಕೊಂಡು ನಿಂತಿದ್ದ ಜಾಗದಲ್ಲಿ ಅವನಿಗೆ ಅನ್ನ ಇಟ್ಟು ಬಂದಿರಿ. ಆವತ್ತಿನಿಂದ ನಾನು ಆಸ್ಟಿನ್‌ಗೆ ಬಂದಿಲ್ಲ. ಕೆಲಸ ಜಾಸ್ತಿ ಎಂದು ಹೇಳಿಕೊಂಡಿದ್ದೇನೆ.

ಈ ಶನಿವಾರ ಬರುತ್ತೇನೆ. ಈಗ ಬಾಯಿಪಾಠ ಮಾಡಿಕೊಂಡ ಇದೆಲ್ಲವನ್ನೂ ಬಾಗಿಲಲ್ಲೇ ನಿಂತು, ಕಾಫಿಗೆ ಮೊದಲೇ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಆ ಚಿತ್ರವನ್ನು ಏನು ಮಾಡುತ್ತೀರೋ ನಿಮಗೆ ಬಿಟ್ಟದ್ದು. ನೀವು ಇನ್ನೊಮ್ಮೆ ಅಲ್ಲಿಗೆ ಹೋದರೆ ಆ ಬೆಂಚಿನ ಮೇಲೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂರಬಹುದು, ಮೇಲಕ್ಕೆ ಹತ್ತುವ ಅಗತ್ಯವಿಲ್ಲ.

ಬಂದು ಹೇಳು ಅಂದಿದ್ದ ರಘು. ತುದಿಯಲ್ಲಿ ಕಂಡದ್ದನ್ನು ಎಲ್ಲರಿಗೂ ಹೇಳಿಕೊಂಡು ಬಂದೆ — ಡಲ್ಲಾಸ್‌ನಲ್ಲಿ ಬೆಡ್‌ಶೀಟಿನ ಮೇಲೆ ತೋರಿಸಿದೆ, ಆಸ್ಟಿನ್‌ನ ಗುಡ್ಡದ ಮೇಲೆ ಕೂತು ನಿಮಗೆ ಹೇಳಿದೆ. ಬೆಂಚಿನಿಂದ ಏನು ಕಾಣುತ್ತದೆ ಎಂದು ಮಾತ್ರ ಯಾರಿಗೂ ಹೇಳಲಿಲ್ಲ. ನೀವೂ ಅಲ್ಲಿ ಕೂತಿದ್ದವರು, ನಿಮಗೆ ನೆನಪಿದ್ದೀತು. ನದಿ ಕಾಣುವುದಿಲ್ಲ. ವೇಲ್ಸ್ ಕಾಣುವುದಿಲ್ಲ. ಒಂದು ಬೇಲಿ, ಕೆಲವು ಕುರಿ, ಎದುರಿಗೆ ನೆಟ್ಟಗೆ ಮೇಲಕ್ಕೆ ಹೋಗುವ ದಾರಿ. ಆವತ್ತು ಆ ದಾರಿಯಲ್ಲಿ ಇದ್ದವನು ನಾನೊಬ್ಬನೇ. ರಘು ಕೊನೆಗೆ ನೋಡಿದ್ದು ನನ್ನ ಬೆನ್ನು.